ಜಲಗಾರರೂ ಕೆಸರುನೀರೂ

ಬೀದರ ಸೀಮೆಯ ನೆಲದಲ್ಲಿ ಹೊನ್ನು ಹುಟ್ಟುವದಿಲ್ಲ. ಬೀಡ ಜಿಲ್ಲೆಯ ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಭಾಲ್ಕಿ ಔರಾದ ತಾಲೂಕುಗಳ ಎರೆಹೊಲಗಳನ್ನು ಹಾಯ್ದು ತೆಲಂಗಾಣದ ಕಡೆಗೆ ಇಳಿಯುವ ಮಾಂಜ್ರಾ ನದಿಯು ನಮ್ಮ ಜಿಲ್ಲೆಯನ್ನು ದಾಟುವ ತನಕ ದಖ್ಖನ್ನಿನ ಕರಿಕಲ್ಲಿನ ಹಾಸಿನ ಮೇಲೆಯೇ ಹರಿಯುವದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಆರಿದ ಕಲ್ಲು ಅದು. ಹೊನ್ನಿಗೆ ತವರಾದ ಧಾರವಾಡ ಶಿಲಾವರ್ಗವಾದರೋ 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಅದು ಇಲ್ಲಿಂದ ದಕ್ಷಿಣಕ್ಕೆ, ರಾಯಚೂರು, ಗದಗ, ಕೋಲಾರಗಳ ಕಡೆಗೆ ತಲೆಯೆತ್ತಿರುವದು. ಆದುದರಿಂದ ಮಾಂಜ್ರಾದ ಉಸುಕನ್ನು ಎಷ್ಟು ತೊಳೆದರೂ ಕೈಗೆ ಹತ್ತುವದು ಕರಿ ಉಸುಕೇ ಹೊರತು ಹೊನ್ನಲ್ಲ.

ಹೀಗಿದ್ದರೂ ಬೀದರಕ್ಕೂ ಹೊನ್ನಿಗೂ ನಂಟಿಲ್ಲವೆನ್ನಲಾಗದು. 15ನೆಯ ಶತಮಾನದಲ್ಲಿ ಬಹಮನೀ ಸುಲ್ತಾನರು ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಈ ಊರು ಮುಹಮ್ಮದಾಬಾದವೆಂಬ ಹೆಸರಿನಿಂದ ಅವರ ನಾಣ್ಯಗಳ ಮೇಲೆ ಅಚ್ಚಾಯಿತು. 1470ರ ಸುಮಾರಿನಲ್ಲಿ ಇಲ್ಲಿ ತಂಗಿದ್ದ ರಷ್ಯದ ವರ್ತಕ ಅಫಾನಾಸಿ ನಿಕಿತಿನನು ಸುಲ್ತಾನನ ಮೆರವಣಿಗೆಯ ಚಿನ್ನದ ವೈಭವವನ್ನೂ ಹಳ್ಳಿಗರ ದಾರಿದ್ರ್ಯವನ್ನೂ ಒಂದೇ ಬರಹದಲ್ಲಿ ಗುರುತು ಮಾಡಿಟ್ಟಿರುವನು. ಟಂಕಸಾಲೆ ಇದ್ದಲ್ಲಿ ಅಕ್ಕಸಾಲಿಗರು ಇರುವರು. ಅಕ್ಕಸಾಲಿಗರು ಇದ್ದಲ್ಲಿ ಅಗ್ಗಿಷ್ಟಿಕೆಯ ಬೂದಿಯೂ ಅಂಗಡಿಯ ಕಸವೂ ಇರುವವು. ಆ ಬೂದಿಯನ್ನೂ ಕಸವನ್ನೂ ನೀರಿನಲ್ಲಿ ತೊಳೆದು ಹೊನ್ನಿನ ಕಣವನ್ನು ಹೆಕ್ಕುವವನೊಬ್ಬನು ಅಲ್ಲಿಗೆ ಬಂದೇ ಬರುವನು. ಪ್ರಸ್ತುತ ಲೇಖನವು ಆತನನ್ನು ಕುರಿತದ್ದು. ಅದಕ್ಕಿಂತ ಹೆಚ್ಚಾಗಿ ಆತನು ಜನ್ಮವಿಡೀ ಎದುರಿಸಿದ ಕೆಸರನ್ನು ಕುರಿತದ್ದು.

ಒಂದೇ ಪೇಟೆಯಲ್ಲಿ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುವ ನಮ್ಮ ಜಿಲ್ಲೆಯ ವಾಚಕರಿಗೆ ಈತನ ಹೆಸರುಗಳೇ ಮೊದಲು ಕುತೂಹಲ ಹುಟ್ಟಿಸುವಂತಿವೆ. ಕನ್ನಡದಲ್ಲಿ ಅವನು ಜಲಗಾರ, ಮರಾಠಿಯಲ್ಲಿ ಝಾರೇಕರಿ, ಉರ್ದುವಿನಲ್ಲಿ ನ್ಯಾರಿಯಾ. ಉರ್ದುವಿನ ಹೆಸರು ಬೇರ್ಪಡಿಸುವದೆಂಬ ಅರ್ಥದ ಧಾತುವಿನಿಂದ ಬಂದಿರುವದು. ನಮ್ಮ ಜಲಗಾರ ಶಬ್ದವನ್ನು ಕೇಳಿದೊಡನೆ ಸಂಸ್ಕೃತದ ಜಲವು ನೆನಪಿಗೆ ಬರುವದು ಸಹಜ. ಆದರೆ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಹರಳು ತೆಗೆಯುವದಕ್ಕೆ ಕನ್ನಡದ ಹೆಣ್ಣುಮಕ್ಕಳು ಜಾಲಿಸುವದೆಂದು ಹೇಳುತ್ತ ಬಂದಿದ್ದಾರೆ. ಜಲಗಾರನ ಕೆಲಸಕ್ಕೆ ಆ ಕ್ರಿಯಾಪದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ. ಶಬ್ದಶಾಸ್ತ್ರಜ್ಞರು ಏನೇ ನಿರ್ಣಯಿಸಲಿ, ಅಡಿಗೆಮನೆಯ ಆ ಕೈಚಳಕವೂ ಹೊನ್ನು ತೊಳೆಯುವವನ ಕೈಚಳಕವೂ ಒಂದೇ ಜಾತಿಯವೆಂದು ನಮಗೆ ತೋರುತ್ತದೆ. ಭೇದವಿಷ್ಟೇ: ಅಕ್ಕಿಯಲ್ಲಿ ಬೇಡವಾದ ಹರಳು ಕೆಳಗೆ ಉಳಿಯುವದು, ಹಳ್ಳದಲ್ಲಿ ಬೇಕಾದ ಹೊನ್ನು ಕೆಳಗೆ ಉಳಿಯುವದು.

ಕಸುಬು ಬಹು ಪುರಾತನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಅರಸನ ಅಕ್ಕಸಾಲೆಯ ನಿಯಮಗಳನ್ನು ಹೇಳುವಲ್ಲಿ, ಪಾಂಸುಧಾವಕರೆಂಬವರ ಹೆಸರು ಬರುತ್ತದೆ. ಪಾಂಸುಧಾವಕನೆಂದರೆ ಧೂಳು ತೊಳೆಯುವವನು. ತಿದಿಯೂದುವವರೊಡನೆ ಇವರನ್ನೂ ಒಳಗೆ ಬರುವಾಗ ಮತ್ತು ಹೊರಗೆ ಹೋಗುವಾಗ ಬಟ್ಟೆಯನ್ನೂ ಕೈಯನ್ನೂ ಶೋಧಿಸಿಯೇ ಬಿಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಪಾಳಿಯ ಅಂಗುತ್ತರ ನಿಕಾಯದಲ್ಲಿ ಇದೇ ಕಸುಬುದಾರನ ಹೆಸರಿನ ಒಂದು ಸೂತ್ರವಿದೆ. ಧರ್ಮೋಪದೇಶಕ್ಕೆ ಉಪಮೆಯಾಗಿ ಬಂದ ಮಾತಾದರೂ ಕಸುಬಿನ ಕ್ರಮವು ಅದರಲ್ಲಿ ಅಚ್ಚುಕಟ್ಟಾಗಿ ನಿಂತಿದೆ: ಹೊನ್ನಿನ ಮಣ್ಣನ್ನು ಡೋಣಿಯಲ್ಲಿ ಸುರಿದು ಮೊದಲು ಒರಟು ಕೊಳೆಯನ್ನೂ, ಅದು ಹೋದ ಮೇಲೆ ನಡುತರದ್ದನ್ನೂ, ಕಡೆಗೆ ನುಣ್ಣನೆಯ ಉಸುಕನ್ನೂ ಕರಿ ಧೂಳನ್ನೂ ಮೂರು ಸಲಕ್ಕೆ ಕಳೆಯುವದು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಕ್ರಮವು ಇಂದಿಗೂ ತಿದ್ದುಪಡಿಯನ್ನು ಬೇಡುವದಿಲ್ಲ.

ಕೆಸರೆಂದರೇನೆಂಬದನ್ನು ಬೀದರ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಊರು ನಿಂತಿರುವ ಎತ್ತರದ ಹಾಸು ಕೆಂಪುಮುರಕಲ್ಲಿನದು. ಅಲ್ಲಿ ಬಿದ್ದ ಮಳೆ ಕಲ್ಲಿನ ರಂಧ್ರಗಳಲ್ಲಿ ಇಂಗಿ ತಿಳಿಯಾಗಿ ಕೆಳಗೆ ಬರುವದು. ಆ ತಿಳಿನೀರನ್ನು ಹಿಡಿದು ಊರಿಗೆ ತರುವದಕ್ಕೆಂದೇ ಬಹಮನಿಗಳ ಕಾಲದಲ್ಲಿ ನೌಬಾದದ ನೆಲದೊಳಗೆ ಕರೇಜ್ ಎಂಬ ಸುರಂಗಬಾವಿಯನ್ನು ಕೊರೆದರು. ಕಾಲಾಂತರದಲ್ಲಿ ಅದರ ಗಾಳಿಬಾವಿಗಳೊಳಗೆ ಮಣ್ಣು ಕಸ ಬಿದ್ದು ಹರಿವು ಕಟ್ಟಿತು. ಈ ಶತಮಾನದ ಎರಡನೆಯ ದಶಕದಲ್ಲಿ ಹೂಳು ತೆಗೆದಾಗ ನೀರು ಮತ್ತೆ ಕಾಣಿಸಿತು. ಗುಡ್ಡದ ಕೆಳಗೆ ಭಾಲ್ಕಿ, ಔರಾದಗಳ ಕಡೆಗೆ ಇಳಿದರೆ ಸಂಗತಿಯೇ ಬೇರೆ. ಅಲ್ಲಿಯದು ಎರೆಮಣ್ಣು. ಮೃಗಶಿರೆಯ ಮೊದಲ ಮಳೆಗೆ ಹಳ್ಳಗಳೆಲ್ಲ ರಾಡಿಯಾಗಿ ಹರಿಯುವವು. ಆ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರುದಿನವೂ ಅದು ತಿಳಿಯಾಗದು. ಕೆಂಪುನೆಲದ ನೀರು ಬೇಗನೆ ತಿಳಿಯಾಗುವದಕ್ಕೂ ಎರೆನೆಲದ ನೀರು ಹಟಮಾಡುವದಕ್ಕೂ ಏನು ಕಾರಣ? ಹೊನ್ನು ತೊಳೆಯುವವನ ಸಮಸ್ಯೆಯೆಲ್ಲವೂ ಈ ಪ್ರಶ್ನೆಯಲ್ಲಿಯೇ ಅಡಗಿರುವದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ನೀರಿನಲ್ಲಿ ಬಿದ್ದ ಕಣವು ಎಷ್ಟು ಬೇಗನೆ ತಳಕ್ಕಿಳಿಯುವದೆಂಬದನ್ನು 1851ರಲ್ಲಿ ಜಾರ್ಜ್ ಸ್ಟೋಕ್ಸನೆಂಬ ಗಣಿತಜ್ಞನು ಲೆಕ್ಕಕ್ಕೆ ತಂದನು. ಕಣದ ಗಾತ್ರವು ಅರ್ಧಕ್ಕಿಳಿದರೆ ಇಳಿಯುವ ವೇಗವು ಕಾಲುಭಾಗಕ್ಕೆ ಇಳಿಯುವದು. ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟಿರುವ ಒಂಡುಮಣ್ಣಿನ ಕಣವು ಒಂದು ಅಡಿ ನೀರನ್ನು ಎರಡು ನಿಮಿಷಕ್ಕೆ ಮಿಕ್ಕಿ ಸ್ವಲ್ಪ ಹೊತ್ತಿನಲ್ಲಿ ಇಳಿಯುವದು. ಜೇಡಿಮಣ್ಣಿನ ಕಣವು ಅದರ ಇಪ್ಪತ್ತೈದನೆಯ ಪಾಲು, ಎಂದರೆ ಮಿಲಿಮೀಟರಿನ ಐದುನೂರನೆಯ ಒಂದು ಪಾಲು. ಅದಕ್ಕೆ ಅದೇ ಒಂದು ಅಡಿ ಇಳಿಯಲು ಒಂದು ಹಗಲೂ ಒಂದು ರಾತ್ರಿಯೂ ಹಿಡಿಯುವವು. ಅದಕ್ಕಿಂತಲೂ ಸಣ್ಣ ಕಣಗಳು ಇಳಿಯುವದೇ ಇಲ್ಲವೆಂದರೂ ಸಲ್ಲುವದು. ಎರೆಮಣ್ಣಿನ ಕಣಗಳು ತೀರ ಸಣ್ಣ ಹಾಳೆಗಳಂತಿದ್ದು, ನೀರು ಕುಡಿದು ಉಬ್ಬುವವು. ಎಲ್ಲ ಕಣಗಳೂ ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತಿರುವದರಿಂದ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುವವು. ಕೆಂಪುನೆಲದ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಇರುವದರಿಂದ ಅದು ಕಣಗಳನ್ನು ಕಟ್ಟಿ ಗರಣೆಗಟ್ಟಿಸುವದು. ಗರಣೆಗಟ್ಟಿದ್ದು ಬೇಗನೆ ಕೆಳಗಿಳಿಯುವದು.

ಹೊನ್ನಾದರೋ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರವಾದದ್ದು. ಸಾಧಾರಣ ಉಸುಕು ಎರಡೂವರೆ ಪಟ್ಟಿಗೆ ಸ್ವಲ್ಪ ಮೇಲೆ. ಒಂದೇ ಗಾತ್ರದ ಕಣಗಳಾದರೆ ಹೊನ್ನು ತಿಳಿನೀರಿನಲ್ಲಿ ಉಸುಕಿಗಿಂತ ಹನ್ನೊಂದು ಪಟ್ಟು ವೇಗವಾಗಿ ಇಳಿಯುವದು. ಇದನ್ನು ನೋಡಿದವರು, ಹೊನ್ನನ್ನು ಬೇರ್ಪಡಿಸುವದು ಇಷ್ಟು ಸುಲಭವಾಗಿದ್ದರೆ ಜಲಗಾರನ ಹೆಚ್ಚುಗಾರಿಕೆ ಏನೆಂದು ಕೇಳಬಹುದು. ತಿಳಿನೀರಿನಲ್ಲಿ ಅವನದೇನೂ ಹೆಚ್ಚುಗಾರಿಕೆಯಿಲ್ಲ. ಜೇಡಿ ಸೇರಿ ನೀರು ಅಂಬಲಿಯಂತಾದಾಗ ಮಾತ್ರ ಅವನ ಬೆಲೆ ತಿಳಿಯುವದು. ಹಳ್ಳದ ಹೊನ್ನು ಬಹುಶಃ ಗುಂಡಾದ ಕಾಳಾಗಿರದೆ ತೌಡಿನ ಹೊಟ್ಟಿನಂತೆ ತೆಳ್ಳನೆಯ ಹರಕುಗಳಾಗಿರುವದು. ದಪ್ಪನೆಯ ರಾಡಿಯಲ್ಲಿ ಈ ಹರಕು ತಳಮುಟ್ಟುವ ಮೊದಲೇ ರಾಡಿಯೊಡನೆ ಅಂಚು ದಾಟಿ ಹೋಗುವದು. ಇನ್ನೊಂದು ಕೇಡೂ ಉಂಟು. ಒಡೆಯದೆ ಉಳಿದ ಜೇಡಿಯ ಉಂಡೆಯು ಮರಿಗೆಯಲ್ಲಿ ಉರುಳುವಾಗ ತಳದಲ್ಲಿ ಕೂತ ಹೊನ್ನನ್ನು ಮೈಗೆ ಮೆತ್ತಿಕೊಂಡು, ಕಲ್ಲಿನ ಹರಳಿನ ಸೋಗಿನಲ್ಲಿ ಹೊರಗೆ ಹೋಗುವದು. ಆದುದರಿಂದ ಕಸುಬು ಬಲ್ಲವನು ಆಡಿಸುವದಕ್ಕೆ ಮೊದಲು ನೆನೆಯಿಸುವನು, ಹಿಸುಕುವನು, ಬೆರಳಿನಿಂದ ಉಜ್ಜುವನು. ಜಿಗುಟು ಹೋಗಿ ಕೈಗೆ ಬರಿಯ ಉಸುಕಿನ ಉರುಕು ಹತ್ತುವ ತನಕ ಮರಿಗೆಯನ್ನು ಅಲುಗಿಸುವದಿಲ್ಲ. ಅವಸರದವನಿಗೆ ಈ ಕಸುಬು ಹೇಳಿದ್ದಲ್ಲ.

ಕನ್ನಡನಾಡಿನಲ್ಲಿ ಈ ಕಸುಬಿನ ಅತ್ಯಂತ ಸ್ಪಷ್ಟವಾದ ಚಿತ್ರವು ನಮಗೆ ದೊರೆಯುವದು ಗದಗ ಸೀಮೆಯ ಕಪ್ಪತಗುಡ್ಡದ ಸುತ್ತಿನ ಹಳ್ಳಗಳಿಂದ. ಡಂಬಳ, ಡೋಣಿ, ಸೊರಟೂರುಗಳ ಕಡೆಯ ಜಲಗಾರರು ಮಳೆಗಾಲದಲ್ಲಿ ಹಳ್ಳದ ಉಸುಕನ್ನು ತೊಳೆದು ಹೊನ್ನು ತೆಗೆಯುತ್ತಿದ್ದರು. ಕ್ಯಾಪ್ಟನ್ ನ್ಯೂಬೋಲ್ಡನು 19ನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಇದನ್ನು ಕಂಡು ಬರೆದಿದ್ದನು. ತರುವಾಯ ಭೂಸ್ತರ ಇಲಾಖೆಯ ರಾಬರ್ಟ್ ಬ್ರೂಸ್ ಫೂಟನು ಆ ಗುಡ್ಡಗಳನ್ನು ಅಲೆದು 1874ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ನಮ್ಮ ದೇಶದ ಶಿಲಾಯುಗದ ಆಯುಧವನ್ನು 1863ರಲ್ಲಿ ಪಲ್ಲಾವರದಲ್ಲಿ ಮೊದಲು ಗುರುತಿಸಿದವನೂ ಈ ಫೂಟನೇ. ಹಳ್ಳಗಳಲ್ಲೆಲ್ಲ ಸೊರಟೂರಿನದು ಹೆಚ್ಚು ಹೊನ್ನುಳ್ಳದ್ದೆಂದು ಅವನು ನಿರ್ಣಯಿಸಿದನು. ನಿರ್ಣಯವು ವಿಜ್ಞಾನಿಯದು, ಅದಕ್ಕೆ ಆಧಾರವಾದ ತೊಳೆಯುವಿಕೆಯು ಊರಿನ ಜಲಗಾರರದು.

ಅವರ ಸಲಕರಣೆಗಳನ್ನು 1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಕಾಣಬಹುದು. ಒಂದು ಕಡೆ ತೆರೆದಿರುವ ಹಗುರವಾದ ಹಲಗೆಯ ಪೆಟ್ಟಿಗೆ, ಮಣ್ಣು ಕೆರೆಯುವ ಸಾಧನ, ಗಿಡ್ಡನೆಯ ಕಸಬರಿಗೆ, ಕಟ್ಟಿಗೆಯ ಮರಿಗೆ, ತೆಂಗಿನ ಪರಟೆಯ ಅರ್ಧ; ಇಷ್ಟೇ ಅವರ ಬಂಡವಾಳ. ಪೆಟ್ಟಿಗೆಯನ್ನು ಹಳ್ಳದ ದಂಡೆಯಲ್ಲಿ, ತೆರೆದ ಬಾಯಿ ನೀರಿನ ಕಡೆಗಿರುವಂತೆ ತುಸು ಓರೆಯಾಗಿ ಇಡುವರು. ಒಬ್ಬನು ಉಸುಕನ್ನು ತಂದು ಸುರಿಯುವನು. ಇನ್ನೊಬ್ಬನು ನೀರು ಗೋಚುತ್ತ, ಕೈಯಿಂದ ಕಲಕುತ್ತ, ದೊಡ್ಡ ಹರಳುಗಳನ್ನು ಆರಿಸಿ ಎಸೆಯುತ್ತ ಹೋಗುವನು. ರಾಡಿಯು ಬಾಯಿಯಿಂದ ಹರಿದು ಹೋಗುವದು. ಭಾರವಾದ ಕಣಗಳು ತಳದಲ್ಲಿ ನಿಲ್ಲುವವು. ಹೀಗೆ ಬಹಳ ಹೊತ್ತು ನಡೆದ ಮೇಲೆ ತಳದ ಉಸುಕನ್ನು ಕಸಬರಿಗೆಯಿಂದ ಗುಡಿಸಿ ಮರಿಗೆಗೆ ತೆಗೆದುಕೊಂಡು, ಅಲ್ಲಿ ಮತ್ತೆ ತೊಳೆದು, ಕಡೆಗೆ ಪರಟೆಯಲ್ಲಿ ಕರಿ ಉಸುಕನ್ನಷ್ಟೇ ಉಳಿಸುವರು. ಆ ಕರಿ ಉಸುಕಿನೊಳಗಿನ ಹೊನ್ನನ್ನು ಪಾದರಸದಿಂದ ಹಿಡಿದು, ಪಾದರಸವನ್ನು ಕಾಯಿಸಿ ಹಾರಿಸುವದು ಕೊನೆಯ ಮೆಟ್ಟಲು. ಆ ಹೊಗೆಯು ಮೈಗೆ ವಿಷವೆಂಬದು ಇಂದು ಎಲ್ಲರೂ ಬಲ್ಲ ಸಂಗತಿ. 2013ರಲ್ಲಿ ಪಾದರಸವನ್ನು ಕುರಿತು ಮಿನಾಮಾಟಾ ಒಪ್ಪಂದವಾದಾಗ ಜಗತ್ತಿನ ಸಣ್ಣ ಹೊನ್ನುಗಾರರ ಈ ಪದ್ಧತಿಯನ್ನು ತಗ್ಗಿಸುವದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಯಿತು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಕಪ್ಪತಗುಡ್ಡದ ಹಳ್ಳಗಳು ಜೀವನದಿಗಳಲ್ಲ. ಮಳೆ ಬಿದ್ದರೆ ಹರಿಯುವವು, ನಿಂತರೆ ಒಣಗುವವು. ಗುಡ್ಡದ ಬುಡದ ಬಯಲೆಲ್ಲ ನಮ್ಮ ಔರಾದದ ಹಾಗೆಯೇ ಎರೆನೆಲ. ಆದುದರಿಂದ ಜಲಗಾರನಿಗೆ ನೀರು ಸಿಗುವ ದಿನಗಳೂ ನೀರು ಕೆಟ್ಟಿರುವ ದಿನಗಳೂ ಒಂದೇ. ಬೇಸಿಗೆಯಲ್ಲಿ ಉಸುಕು ಉಂಟು, ತೊಳೆಯಲು ನೀರಿಲ್ಲ. ಮಳೆಗಾಲದಲ್ಲಿ ನೀರು ಉಂಟು, ಅದು ರಾಡಿ. ಹಳ್ಳವು ತುಂಬಿ ಬಂದಾಗಲೇ ಹೊಸ ಹೊನ್ನು ಗುಡ್ಡದಿಂದ ಇಳಿದು ತಿರುವುಗಳಲ್ಲಿಯೂ ಕಲ್ಲಿನ ಸಂದುಗಳಲ್ಲಿಯೂ ಕೂಡುವದು. ನೆರೆಯು ಇಳಿದ ಮೇಲೆ, ಹರಿವು ಪೂರ್ಣ ನಿಲ್ಲುವದಕ್ಕೆ ಮುಂಚೆ, ನೀರು ತಿಳಿಗೊಳ್ಳುವ ಕೆಲವೇ ದಿನಗಳ ಒಂದು ಸಂದು ಇರುವದು. ವರ್ಷದ ಗಳಿಕೆಯೆಲ್ಲ ಆ ಸಂದಿನಲ್ಲಿ ಆಗಬೇಕು. ಒಕ್ಕಲಿಗನಿಗೆ ಬಿತ್ತನೆಯ ಹದ ಇದ್ದಂತೆ ಇವನಿಗೆ ನೀರಿನ ಹದ.

ಹರಿವು ನಿಂತು ಗುಂಡಿಯ ನೀರಿನಲ್ಲಿಯೇ ತೊಳೆಯಬೇಕಾದಾಗ ಕಷ್ಟವು ಇಮ್ಮಡಿಸುವದು. ಏಕೆಂದರೆ ಪ್ರತಿಯೊಂದು ಮರಿಗೆಯ ಕೊಳೆಯೂ ಅದೇ ಗುಂಡಿಗೆ ಮರಳಿ ಬೀಳುವದು. ಒರಟು ಕೊಳೆಗೆ ಒಂದು ಗುಂಡಿ, ಕಡೆಯ ತೊಳೆತಕ್ಕೆ ಇನ್ನೊಂದು ಎಂದು ಎರಡು ನೀರುಗಳನ್ನು ಬೇರೆ ಇಡುವದು ಇದಕ್ಕೆ ಮೊದಲ ಉಪಾಯ. ಉಸುಕಿನಲ್ಲಿ ಒರತೆ ತೋಡಿ, ಸೋಸಿ ಬಂದ ನೀರನ್ನು ಬಳಸುವದು ಎರಡನೆಯದು. ನೀರಿಲ್ಲದ ಬೇಸಿಗೆಯಲ್ಲಿ ಹಳ್ಳದ ಪಾತ್ರದಲ್ಲಿ ಒರತೆ ತೋಡಿ ಪರಟೆಯಿಂದ ಕೊಡ ತುಂಬುವದು ಉತ್ತರದ ಹಳ್ಳಿಗಳಲ್ಲೆಲ್ಲ ತಿಳಿದ ವಿಷಯವೇ. ಮೂರನೆಯದು ತುರಟಿ, ಎಂದರೆ ಪಟಿಕ. ಪಟಿಕದಲ್ಲಿರುವ ಅಲ್ಯೂಮಿನಿಯಮ್ಮಿನ ವಿದ್ಯುದಂಶವು ಜೇಡಿಯ ವಿದ್ಯುದಂಶಕ್ಕೆ ವಿರುದ್ಧವಾದದ್ದು. ಒಂದನ್ನೊಂದು ತಳ್ಳುತ್ತಿದ್ದ ಕಣಗಳ ಹಟವು ಮುರಿದು ಅವು ಕೂಡಿ ಗರಣೆಯಾಗಿ ಕೆಳಗಿಳಿಯುವವು. ಸುಣ್ಣವೂ ಉಪ್ಪೂ ಇದೇ ಕೆಲಸವನ್ನು ಹೆಚ್ಚಿನ ಪ್ರಮಾಣದಲ್ಲಿ ಹಾಕಿದಾಗ ಮಾಡುವವು. ನಾಲ್ಕನೆಯದು ಚಿಲ್ಲದ ಬೀಜ, ಸಂಸ್ಕೃತದ ಕತಕ. ಕೊಡದ ಒಳಮೈಗೆ ಈ ಬೀಜವನ್ನು ತೇಯ್ದು ನೀರು ತುಂಬಿದರೆ ಕದಡು ಇಳಿಯುವದು. ಸುಶ್ರುತನು ಕದಡಿದ ನೀರನ್ನು ತಿಳಿಯಾಗಿಸುವ ಏಳು ವಸ್ತುಗಳಲ್ಲಿ ಇದನ್ನೂ ಎಣಿಸಿದ್ದಾನೆ. ಮನುಸ್ಮೃತಿಯಲ್ಲಂತೂ ಬರಿಯ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತಕ್ಕೆ ಈ ಕಾಯಿಯೇ ಒದಗಿದೆ. ಪಟಿಕದ ನೀರು ಕುಡಿಯಲು ತಕ್ಕಷ್ಟು ಅಗ್ಗವೇ ಆದರೂ ದಿನಕ್ಕೆ ನೂರಾರು ಕೊಡ ನೀರು ಸುರಿಯುವ ಕಸುಬಿಗೆ ಅದು ಹೊರೆಯಾಗುವದು. ಬಡವನಾದ ಜಲಗಾರನಿಗೆ ಮೊದಲಿನ ಎರಡೇ ಉಪಾಯಗಳು ನಿಜವಾದ ಉಪಾಯಗಳೆಂದು ನಮ್ಮ ಅಭಿಪ್ರಾಯ.

ನೆಲವನ್ನು ಕೈಯಿಂದಲೂ ನಾಲಿಗೆಯಿಂದಲೂ ಓದುವ ಈ ವಿದ್ಯೆಯ ಇನ್ನೊಂದು ಉದಾಹರಣೆಯು ನಮ್ಮ ಊರಿನಲ್ಲಿಯೇ ಇದೆ. ಬಿದರಿಯ ಕುಶಲಕರ್ಮಿಯು ಸತುವು ತಾಮ್ರಗಳ ಪಾತ್ರೆಯ ಮೇಲೆ ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಕಾಯಿಸಿ ಹಚ್ಚುವನು. ಲೋಹವು ಕಪ್ಪಾಗಿ ಬೆಳ್ಳಿಯು ಬೆಳ್ಳಗೆ ಉಳಿಯುವದು. ಮಣ್ಣು ಯೋಗ್ಯವಾದದ್ದೋ ಅಲ್ಲವೋ ಎಂಬದನ್ನು ಅವನು ರುಚಿ ನೋಡಿ ಹೇಳುವನು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಜಲಗಾರನ ವಿದ್ಯೆಗೆ ಅಂಥದೇನೂ ದೊರೆಯಲಿಲ್ಲ. ಅದರಿಂದ ಲಾಭ ಪಡೆದವರು ಮಾತ್ರ ಕಡಮೆಯಲ್ಲ.

1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ನನು ಹೊನ್ನಿನ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಕೊಡುವೆನೆಂದು ಸಾರಿದಾಗ, ಊರಿಗಾಮಿನ ಕಡೆಯ ಹಳ್ಳಿಗರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರಿಗೆ ತೊಳೆದು ಹೊನ್ನು ತೋರಿಸಿದರು. ಕೋಲಾರದ ಗಣಿಗಳ ಆಧುನಿಕ ಕಥೆಯು ಆ ಬಂಡಿ ಮಣ್ಣಿನಿಂದ ಮೊದಲಾಗುವದು. 1880ರಲ್ಲಿ ಜಾನ್ ಟೇಲರ್ ಕಂಪನಿಯು ಬಂದಿತು. 2001ರ ಫೆಬ್ರುವರಿ 28ಕ್ಕೆ ಗಣಿಗಳು ಮುಚ್ಚಿದವು. ಗದಗದ ಗುಡ್ಡಗಳಲ್ಲಿಯೂ ಫೂಟನ ತರುವಾಯ, 20ನೆಯ ಶತಮಾನದ ಆರಂಭದಲ್ಲಿ, ಕಂಪನಿಗಳು ಗಣಿ ತೋಡಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. 1956ರ ತನಕ ಬೀದರದಂತೆಯೇ ಹೈದರಾಬಾದ ಸಂಸ್ಥಾನ, ರಾಜ್ಯಗಳಿಗೆ ಸೇರಿದ್ದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹೊಸ ಗಣಿಗಾರರು ಇಳಿದಾಗ, ತಮಗಿಂತ ಎಷ್ಟೋ ಶತಮಾನಗಳ ಹಿಂದಿನವರು ಆರುನೂರು ಅಡಿಗೂ ಆಳವಾಗಿ ತೋಡಿಹೋಗಿದ್ದನ್ನು ಕಂಡು ಬೆರಗಾದರು. ಆ ಪ್ರದೇಶದಲ್ಲಿ ಹೊನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೇ 1915ರಲ್ಲಿ ಮಸ್ಕಿಯ ಅಶೋಕನ ಶಾಸನವು ಕಣ್ಣಿಗೆ ಬಿದ್ದಿತು. ಶಾಸನದಲ್ಲಿ ಅಶೋಕನ ಹೆಸರು ಉಳಿದಿದೆ, ಚರಿತ್ರೆಯಲ್ಲಿ ಬೀಡನನ ಹೆಸರು ಉಳಿದಿದೆ; ಆರುನೂರು ಅಡಿ ಆಳದ ಕಲ್ಲನ್ನು ಮೇಲೆ ತಂದು ಅರೆದು ತೊಳೆದವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ.

ಆದರೂ ಜಲಗಾರನ ವಿದ್ಯೆಗೆ ಒಂದು ಎಲ್ಲೆಯಿತ್ತೆಂಬದನ್ನು ಪಕ್ಷಪಾತವಿಲ್ಲದೆ ಹೇಳಬೇಕು. ಜೇಡಿಯಷ್ಟೇ ನುಣುಪಾದ ಹೊನ್ನಿನ ಧೂಳು ಒಂದು ಅಡಿ ಇಳಿಯಲು ತಿಳಿನೀರಿನಲ್ಲಿಯೂ ಎರಡು ತಾಸು ಬೇಡುವದು. ಅದನ್ನು ಯಾವ ಮರಿಗೆಯೂ ಹಿಡಿಯಲಾರದು. ಕೆಸರನ್ನು ಚೆಲ್ಲಿದಾಗಲೆಲ್ಲ ಹೊನ್ನಿನ ಒಂದು ಪಾಲೂ ಚೆಲ್ಲಿಹೋಗುತ್ತಿತ್ತು. 1887ರಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟರು ಸೈನೈಡಿನ ದ್ರಾವಣದಿಂದ ಹೊನ್ನನ್ನು ಕರಗಿಸಿ ತೆಗೆಯುವ ವಿಧಾನವನ್ನು ಕಂಡುಹಿಡಿದ ಮೇಲೆಯೇ ಆ ಧೂಳು ಕೈಗೆ ಸಿಕ್ಕಿತು. ಅದೂ ಪೂರ್ಣವಾಗಿ ಅಲ್ಲ. ಕೋಲಾರದಲ್ಲಿ ಅರೆದು ತೊಳೆದು ಎಸೆದ ನುಣ್ಣನೆಯ ಮಣ್ಣು ಮೂರು ಕೋಟಿ ಟನ್ನಿಗೂ ಮಿಕ್ಕಿ ಸೈನೈಡ್ ಗುಡ್ಡಗಳೆಂಬ ಹೆಸರಿನಿಂದ ನಿಂತಿದೆ. ಅದರೊಳಗೆ ಇನ್ನೂ ಹೊನ್ನಿದೆ. ಗಾಳಿ ಬಿಟ್ಟರೆ ಅದರ ಧೂಳು ಊರ ಮನೆಗಳೊಳಗೆ ಬರುವದು.

ಜಲಗಾರನೆಂಬ ಶಬ್ದಕ್ಕೆ ಆದ ಗತಿಯನ್ನೂ ಹೇಳಬೇಕಾಗಿದೆ. ಪತ್ತಾರರ ಬೀದಿಯ ಕಸವನ್ನು ಗುಡಿಸಿ ಒಯ್ದು ತೊಳೆಯುವವನಾದ್ದರಿಂದ ಅವನನ್ನು ಜನರು ಹೆಚ್ಚಾಗಿ ಕಂಡದ್ದು ಕಸಬರಿಗೆಯೊಡನೆ. ತೊಳೆಯುವ ಕೆಲಸವು ಊರ ಹೊರಗೆ ನಡೆಯುತ್ತಿತ್ತು. ಕಾಲಕ್ರಮದಲ್ಲಿ ಹೊನ್ನು ಮರೆಯಾಗಿ ಕಸಬರಿಗೆಯೊಂದೇ ಶಬ್ದದಲ್ಲಿ ಉಳಿಯಿತು. 1928ರಲ್ಲಿ ಕುವೆಂಪು ಅವರು ‘ಜಲಗಾರ’ವೆಂಬ ನಾಟಕವನ್ನು ಬರೆದಾಗ ಅದರ ನಾಯಕನು ಬೀದಿಯ ಕಸ ಗುಡಿಸುವವನೇ. ಇಂದಿನ ಓದುಗರಲ್ಲಿ ಬಹುಮಂದಿಗೆ ಆ ಶಬ್ದದ ಇನ್ನೊಂದು ಅರ್ಥ ಇತ್ತೆಂಬದೇ ತಿಳಿಯದು. ಕೌಟಿಲ್ಯನು ಹೊಕ್ಕುವಾಗ ಹೊರಡುವಾಗ ಮೈಶೋಧಿಸಿ ಬಿಡಬೇಕೆಂದವನನ್ನು ನಮ್ಮ ಭಾಷೆಯು ಹೊರಗಿನ ಬೀದಿಗೇ ಕಳಿಸಿಬಿಟ್ಟಿತು.

ಕಸುಬು ಮಾತ್ರ ಸತ್ತಿಲ್ಲ. ದಖ್ಖನ್ನಿನ ಪಟ್ಟಣಗಳ ಸರಾಫ ಬಜಾರಗಳಲ್ಲಿ ಇಂದಿಗೂ ಅಕ್ಕಸಾಲಿಗರು ಅಂಗಡಿಯ ಕಸವನ್ನು ಚೆಲ್ಲದೆ ಕೂಡಿಟ್ಟು ನ್ಯಾರಿಯಾಗಳಿಗೆ ಮಾರುವರು. ಕೈತೊಳೆದ ನೀರನ್ನು ಕೂಡ ತೊಟ್ಟಿಯಲ್ಲಿ ನಿಲ್ಲಿಸುವರು. ನ್ಯಾರಿಯಾ ಬೂದಿಯನ್ನು ನೆನೆಯಿಸಿ, ಹಿಸುಕಿ, ಪರಾತದಲ್ಲಿ ಆಡಿಸಿ, ಮೇಲಿನ ರಾಡಿಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುವನು. ಆ ರಾಡಿಯನ್ನು ಅವನು ಮೋರಿಗೆ ಚೆಲ್ಲುವದಿಲ್ಲ. ಅದು ತೊಟ್ಟಿಯಲ್ಲಿ ದಿನಗಟ್ಟಲೆ ನಿಂತು ತಿಳಿಯಾದ ಮೇಲೆ ತಳದ ಒಂಡನ್ನು ಒಣಗಿಸಿ ಬೇರೆ ಇಡುವನು. ಅದನ್ನು ಕೊಳ್ಳುವವರೂ ಇದ್ದಾರೆ.